ಬುತ್ತಿ ಕಟ್ಟಿಕೊಂಡು ಘಟಪ್ರಭೆಯ ಗುಂಟ

ಪರೀಕ್ಷೆ ಮುಗಿದ ಮರುದಿನವೇ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಎಷ್ಟೋ ಮನೆಗಳಲ್ಲಿ ಒಂದು ವಾದ ಆರಂಭವಾಗುತ್ತದೆ. ಮಗ ಮೊಬೈಲಿನಲ್ಲಿ ಹಿಮದ ಚಿತ್ರ ತೋರಿಸಿ, ‘ಅಪ್ಪಾ, ಗೆಳ್ಯಾರೆಲ್ಲಾ ಮನಾಲಿಗೆ ಹೊಂಟಾರ, ನಾನೂ ಹೋಗ್ತೇನಿ’ ಎನ್ನುತ್ತಾನೆ. ಅಪ್ಪ ಮೊದಲು ಕೇಳುವುದು, ‘ಎಷ್ಟ ರೊಕ್ಕ?’ ಅವ್ವ ಕೇಳುವುದು, ‘ಅಲ್ಲಿ ನಿನ್ನ ಯಾರ ನೋಡಾವ್ರು?’ ಎರಡಕ್ಕೂ ಮಗನಲ್ಲಿ ಉತ್ತರವಿರುವುದಿಲ್ಲ. ಮಾತು ಬೆಳೆದು, ಮುನಿಸಿನಲ್ಲಿ ಮುಗಿದು, ರಜೆಯೆಲ್ಲ ಅದೇ ಮೊಬೈಲಿನ ಮುಂದೆ ಕಳೆದುಹೋಗುತ್ತದೆ. ಮಗಳಾಗಿದ್ದರೆ ಈ ವಾದವೂ ನಡೆಯುವುದಿಲ್ಲ. ಕೇಳುವ ಮೊದಲೇ ಉತ್ತರ ಗೊತ್ತಿರುತ್ತದೆ.

ಹಿಮಾಲಯ ಹತ್ತಬೇಕು, ರಾಜಸ್ಥಾನದ ಮರಳುಗಾಡು ನೋಡಬೇಕು ಎಂಬ ಆಸೆ ತಪ್ಪೇನಲ್ಲ. ಆದರೆ ಆ ಹಿಮಾಲಯ, ಆ ಮರಳುಗಾಡು ಎರಡರ ಹಾದಿಯನ್ನೂ ಬಲ್ಲ ಅತಿಥಿಗಳು ಚಳಿಗಾಲದಲ್ಲಿ ಇಲ್ಲಿಗೇ ಬರುತ್ತಾರೆಂಬುದು ಇಲ್ಲಿನ ಅನೇಕ ಮಕ್ಕಳಿಗೆ ತಿಳಿದಿಲ್ಲ. ಗೋಕಾಕ ಜಲಪಾತದ ಮೇಲ್ಭಾಗದಲ್ಲಿ ಧೂಪದಾಳವಿದೆ. ಬ್ರಿಟಿಷರ ಕಾಲದಲ್ಲಿ, 1897ರಲ್ಲಿ, ಘಟಪ್ರಭೆಗೆ ಅಡ್ಡಲಾಗಿ ಕಟ್ಟಿ ಮುಗಿಸಿದ ಒಡ್ಡು ಅದು. ಅದರ ಹಿನ್ನೀರು, ನಡುಗಡ್ಡೆಗಳು, ಸುತ್ತಲಿನ ಜೌಗು ಸೇರಿ 1974ರಲ್ಲಿ ಘಟಪ್ರಭಾ ಪಕ್ಷಿಧಾಮವಾಯಿತು. ವಿಸ್ತೀರ್ಣ 29.78 ಚದರ ಕಿಲೋಮೀಟರ್. ಡೆಮೊಸೆಲ್ ಎಂಬ ಬೂದು ಬಣ್ಣದ ಕ್ರೌಂಚ ಪಕ್ಷಿಗೂ ಯುರೋಪಿನ ಬಿಳಿ ಕೊಕ್ಕರೆಗೂ ಈ ಧಾಮ ಹೆಸರಾಗಿದೆ.

ಡೆಮೊಸೆಲ್ ಕ್ರೌಂಚ ತೂಗುವುದು ಎರಡರಿಂದ ಮೂರು ಕಿಲೋ. ಒಂದು ದೊಡ್ಡ ಹುಂಜದಷ್ಟು ಎನ್ನಿ. ಕಾಲು, ಕತ್ತು ಉದ್ದ. ಕಣ್ಣಿನ ಹಿಂದೆ ಬಿಳಿ ಪುಕ್ಕದ ಜುಟ್ಟು. ಮಂಗೋಲಿಯ ಮತ್ತು ಮಧ್ಯ ಏಷ್ಯಾದ ಹುಲ್ಲುಗಾವಲಿನಲ್ಲಿ ಮರಿ ಮಾಡಿ, ಚಳಿ ಬೀಳುವ ಹೊತ್ತಿಗೆ ದಕ್ಷಿಣಕ್ಕೆ ಹೊರಡುತ್ತದೆ. ಕೆಲವು ಹಿಂಡುಗಳು ನೇಪಾಳದ ಕಾಳಿಗಂಡಕಿ ಕಣಿವೆಯ ಮೇಲೆ ಹಿಮಾಲಯವನ್ನು ದಾಟುತ್ತವೆ. ರಾಜಸ್ಥಾನದ ಥಾರ್ ಮರುಭೂಮಿಯಲ್ಲಿ ಖೀಚನ್ ಎಂಬ ಹಳ್ಳಿಯ ಜನ ಇವಕ್ಕೆ ದಿನವೂ ಕಾಳು ಹಾಕುತ್ತಾರೆ. ಸಾವಿರಗಟ್ಟಲೆ ಹಕ್ಕಿಗಳು ಅಲ್ಲಿ ಇಳಿಯುತ್ತವೆ. ಇನ್ನಷ್ಟು ಕೆಳಗೆ ಬಂದವು ನಮ್ಮ ಕಡೆಯ ಕೊಯ್ಲಾದ ಹೊಲಗಳಲ್ಲಿ ಉದುರಿದ ಕಾಳು ಹೆಕ್ಕುತ್ತವೆ. ನವೆಂಬರಿನಿಂದ ಮಾರ್ಚಿಯವರೆಗೆ ಇವುಗಳ ಕಾಲ. ಪ್ರತಿ ವರ್ಷ ಒಂದೇ ಸಂಖ್ಯೆಯಲ್ಲಿ ಬರುತ್ತವೆ, ಹೋದ ದಿನವೇ ಕಾಣುತ್ತವೆ ಎಂದು ಯಾರೂ ಭರವಸೆ ಕೊಡಲಾರರು. ಬೆಳಿಗ್ಗೆ ಏಳರೊಳಗೆ ಹೋಗಿ ಬಾಯಿ ಮುಚ್ಚಿಕೊಂಡು ಕುಳಿತವರಿಗೆ ನೀರಕೋಳಿ, ಬೆಳ್ಳಕ್ಕಿಯಾದರೂ ಸಿಕ್ಕೇ ಸಿಗುತ್ತವೆ. ಟೇಪ್‌ರೆಕಾರ್ಡರ್ ಕಾಲ ಹೋಗಿ ಬ್ಲೂಟೂತ್ ಪೆಟ್ಟಿಗೆಯ ಕಾಲ ಬಂದಿದೆ. ಅದನ್ನು ಮನೆಯಲ್ಲಿ ಬಿಟ್ಟು ಬರುವುದು ಲೇಸು.

ಕಡಿಮೆ ಖರ್ಚಿನಲ್ಲಿ ಮಕ್ಕಳನ್ನು ಬಯಲಿಗೆ ಕರೆದೊಯ್ಯುವ ಯೋಚನೆ ಜಗತ್ತಿಗೆ ಕೊಟ್ಟವನೂ ಒಬ್ಬ ಶಾಲಾ ಮಾಸ್ತರನೇ. ಜರ್ಮನಿಯ ರಿಚರ್ಡ್ ಶಿರ್‌ಮನ್ 1909ರಲ್ಲಿ ತನ್ನ ವಿದ್ಯಾರ್ಥಿಗಳನ್ನು ನಡೆಸಿಕೊಂಡು ಹೊರಟಿದ್ದಾಗ ಗುಡುಗು ಮಳೆಗೆ ಸಿಕ್ಕಿಕೊಂಡ. ರಾತ್ರಿ ಆಸರೆ ಸಿಕ್ಕಿದ್ದು ಒಂದು ಹಳ್ಳಿಯ ಶಾಲೆಯಲ್ಲಿ. ರಜೆಯಲ್ಲಿ ಶಾಲೆಗಳು ಖಾಲಿ ಇರುತ್ತವಲ್ಲ, ನಡೆದುಹೋಗುವ ಮಕ್ಕಳಿಗೆ ಅವನ್ನೇ ಏಕೆ ತೆರೆದಿಡಬಾರದು ಎಂದು ಆ ರಾತ್ರಿ ಅವನಿಗೆ ಹೊಳೆಯಿತು. 1912ರಲ್ಲಿ ಆಲ್ಟೆನಾ ಎಂಬ ಊರಿನ ಕೋಟೆಯಲ್ಲಿ ಮೊದಲ ಕಾಯಂ ಯೂತ್ ಹಾಸ್ಟೆಲ್ ತೆರೆಯಿತು. ಇಂದು ಭಾರತದಲ್ಲೂ ಯೂತ್ ಹಾಸ್ಟೆಲ್ಸ್ ಅಸೋಸಿಯೇಶನ್ ಹಿಮಾಲಯದ ಚಾರಣಗಳನ್ನು ಕಡಿಮೆ ದರದಲ್ಲಿ ನಡೆಸುತ್ತದೆ. ಮನಾಲಿಯ ಹಠ ಹಿಡಿದ ಮಗನ ತಂದೆ ಮೊದಲು ವಿಚಾರಿಸಬೇಕಾದದ್ದು ಅಲ್ಲಿ. ಆದರೆ ಆ ಬೆಟ್ಟ ಹತ್ತುವ ಕಾಲುಗಳಿಗೆ ಮೊದಲ ಪಾಠ ಮನೆಯ ಹತ್ತಿರವೇ ಆಗಬೇಕು. ಅದಕ್ಕೆ ಘಟಪ್ರಭೆಯ ದಂಡೆಗಿಂತ ಅಗ್ಗದ ಶಾಲೆ ಈ ಮೂರು ತಾಲೂಕುಗಳಲ್ಲಿ ಬೇರೆ ಇಲ್ಲ.

ಈ ನದಿಯನ್ನು ಅರ್ಥ ಮಾಡಿಕೊಳ್ಳಬೇಕಾದರೆ ಮಳೆಯ ಲೆಕ್ಕ ನೋಡಬೇಕು. ಸಹ್ಯಾದ್ರಿಯ ನೆತ್ತಿಯಲ್ಲಿರುವ ಮಹಾರಾಷ್ಟ್ರದ ಅಂಬೋಲಿಯಲ್ಲಿ ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ. ಅಲ್ಲಿಂದ ಹಕ್ಕಿ ಹಾರಿದ ಹಾದಿಯಲ್ಲಿ ನೂರು ಕಿಲೋಮೀಟರಿನೊಳಗೇ ಇರುವ ಗೋಕಾಕದಲ್ಲಿ 600 ಮಿಲಿಮೀಟರ್ ಆಸುಪಾಸು. ಅರಬ್ಬಿ ಸಮುದ್ರದಿಂದ ಬಂದ ತೇವದ ಗಾಳಿ ಘಟ್ಟ ಹತ್ತುವಾಗ ತಣಿದು ಮಳೆ ಸುರಿಸುತ್ತದೆ. ಇಳಿಯುವಾಗ ಬಿಸಿಯಾಗಿ ಒಣಗುತ್ತದೆ. ಹುಕ್ಕೇರಿ, ಗೋಕಾಕ, ಮೂಡಲಗಿ ಎಂದು ಪೂರ್ವಕ್ಕೆ ಬಂದಂತೆ ಮರಗಳು ಗಿಡ್ಡಾಗಿ, ಗುಡ್ಡದ ಮೇಲೆ ಜಾಲಿ, ಕಳ್ಳಿ ಉಳಿಯುತ್ತವೆ. ಭೂಗೋಲ ಪುಸ್ತಕದಲ್ಲಿ ‘ಮಳೆನೆರಳಿನ ಪ್ರದೇಶ’ ಎಂದು ಉರು ಹೊಡೆದದ್ದನ್ನು ಒಂದು ಬಸ್ಸಿನ ಕಿಟಕಿಯಲ್ಲಿ ಕುಳಿತು ನೋಡಬಹುದು. ಮೂಡಲಗಿಯ ಸುತ್ತ ಕಾಣುವ ಕಬ್ಬಿನ ಹಸಿರು ಆಕಾಶ ಕೊಟ್ಟದ್ದಲ್ಲ, ಕಾಲುವೆ ಮತ್ತು ಕೊಳವೆಬಾವಿ ಕೊಟ್ಟದ್ದು.

ಈ ಲೆಕ್ಕದಲ್ಲೇ ಅಪಾಯವೂ ಅಡಗಿದೆ. ಗೋಕಾಕದಲ್ಲಿ ಬಿಸಿಲು ಕಾದಿರುವಾಗಲೇ ಘಟ್ಟದಲ್ಲಿ ಮಳೆ ಸುರಿದು, ಹಿಡಕಲ್ ಜಲಾಶಯದ ಗೇಟು ತೆರೆದು ನದಿ ಏರಿರಬಹುದು. ತಲೆಯ ಮೇಲೆ ಮೋಡವಿಲ್ಲ ಎಂದು ನದಿಯ ಬಂಡೆಗಳಿಗೆ ಇಳಿದವರಿಗೆ ಈ ವಿಷಯ ಗೊತ್ತಿರುವುದಿಲ್ಲ. 2019ರ ಆಗಸ್ಟಿನಲ್ಲಿ ಗೋಕಾಕ ಊರೊಳಗೇ ನೀರು ನುಗ್ಗಿತು. ಲೋಳಸೂರ ಸೇತುವೆ ಮುಳುಗಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಮಳೆ ಮತ್ತೆ ಹೊಡೆದಾಗ ಊರಿನ ನೆತ್ತಿಯ ಗುಡ್ಡದಲ್ಲಿ ಭಾರಿ ಬಂಡೆಗಳ ಕೆಳಗಿನ ಮಣ್ಣು ಸವೆದು, ಅವು ಮನೆಗಳ ಮೇಲೆ ಉರುಳಿಯಾವೆಂಬ ಭಯದಲ್ಲಿ ಜನ ರಾತ್ರಿ ಕಳೆದರು. ಕಲ್ಲು ಎಷ್ಟು ದೊಡ್ಡದಿದ್ದರೂ ಅದು ನಿಂತಿರುವುದು ಬುಡದ ಮಣ್ಣಿನ ಮೇಲೆ.

ಇನ್ನು ಜಲಪಾತ. ಗೋಕಾಕ ಪಟ್ಟಣದಿಂದ 6 ಕಿಲೋಮೀಟರ್. ಘಟಪ್ರಭೆ ಇಲ್ಲಿ ಕುದುರೆ ಲಾಳದ ಆಕಾರದ ಬಂಡೆಯಂಚಿನಿಂದ 52 ಮೀಟರ್ ಕೆಳಕ್ಕೆ ಧುಮುಕುತ್ತದೆ. ‘ಇದು ನಮ್ಮ ನಯಾಗರಾ’ ಎಂದು ಊರವರು ಹೆಮ್ಮೆಯಿಂದ ಹೇಳುತ್ತಾರೆ. ಎತ್ತರದಲ್ಲಿ ಹೆಚ್ಚು ಕಡಿಮೆ ಸಮ, ಆಕಾರವೂ ಸರಿ. ನೀರಿನ ಪ್ರಮಾಣದಲ್ಲಿ ಮಾತ್ರ ಹೋಲಿಕೆ ಬೇಡ. ಜುಲೈಯಿಂದ ಅಕ್ಟೋಬರಿನವರೆಗೆ ಕೆಂಪು ನೀರು ಬಂಡೆ ಮುಚ್ಚಿ ಬೀಳುತ್ತದೆ. ಬೇಸಿಗೆಯಲ್ಲಿ ಹೋದವರಿಗೆ ಕಾಣುವುದು ಬರೀ ಕಲ್ಲು. ಹಾಗೆಂದು ನಿರಾಶೆ ಬೇಡ, ವಿಜ್ಞಾನ ಓದುವವರಿಗೆ ಆ ಕಲ್ಲೇ ಹೆಚ್ಚು ಹೇಳುತ್ತದೆ.

ಇದು ಕಲಾದಗಿ ಶಿಲಾವರ್ಗಕ್ಕೆ ಸೇರಿದ ಮರಳುಗಲ್ಲು. ಈ ಶಿಲೆಗಳನ್ನು ಊರೂರು ತಿರುಗಿ ದಾಖಲಿಸಿ, ಬಾಗಲಕೋಟೆ ಬಳಿಯ ಕಲಾದಗಿಯ ಹೆಸರನ್ನು ಇವಕ್ಕೆ ಕೊಟ್ಟವನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ದಕ್ಷಿಣ ಮರಾಠಾ ಸೀಮೆಯ ಭೂರಚನೆಯನ್ನು ಕುರಿತ ಅವನ ವರದಿ ಪ್ರಕಟವಾದದ್ದು 1876ರಲ್ಲಿ. ಪಶ್ಚಿಮಕ್ಕೆ ಕಾಣುವ ದಖ್ಖನ್ನಿನ ಕಪ್ಪು ಲಾವಾ ಕಲ್ಲಿಗೆ ಸುಮಾರು ಆರೂವರೆ ಕೋಟಿ ವರ್ಷ ವಯಸ್ಸಾದರೆ, ಈ ಮರಳುಗಲ್ಲು ಅದಕ್ಕಿಂತ ಎಷ್ಟೋ ಪಟ್ಟು ಹಳೆಯದು. ಭೂಮಿಯ ಮೇಲೆ ಹುಲ್ಲು, ಹುಳ, ಮೀನು ಯಾವುದೂ ಇರದಿದ್ದ ಕಾಲದ್ದು. ಅಂದಿನ ನೀರಿನಡಿಯ ಮರಳಿನ ಮೇಲೆ ಮೂಡಿದ ಅಲೆಯ ಗೆರೆಗಳು ಕಲಾದಗಿ ಶಿಲೆಗಳಲ್ಲಿ ಅಲ್ಲಲ್ಲಿ ಹಾಗೆಯೇ ಕಲ್ಲಾಗಿ ಉಳಿದಿವೆ. ಕಲ್ಲು ಪದರು ಪದರಾಗಿದೆ. ಇಂಥ ಕಡೆ ಮೆತ್ತನೆಯ ಪದರು ಮೊದಲು ಸವೆಯುತ್ತದೆ. ಆಧಾರ ತಪ್ಪಿದ ಮೇಲಿನ ಗಟ್ಟಿ ಪದರು ಒಂದು ದಿನ ಮುರಿದು ಬೀಳುತ್ತದೆ. ಹೀಗೆ ಜಲಪಾತ ನಿಂತಲ್ಲಿ ನಿಲ್ಲದೆ ವರ್ಷಾನುವರ್ಷ ಹಿಂದೆ ಸರಿಯುತ್ತ ಹೋಗುತ್ತದೆ. ಅಂಚಿನಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವವರು ತಾವು ನಿಂತ ಪದರಿನ ಕೆಳಗೆ ಏನಿದೆ ಎಂದು ನೋಡಲಾರರು.

ಒಂದು ಕಲ್ಲನ್ನಾಗಲಿ ಹನಿಯನ್ನಾಗಲಿ 52 ಮೀಟರ್ ಎತ್ತರದಿಂದ ಬಿಟ್ಟರೆ ತಳ ಮುಟ್ಟಲು, ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದರೆ, ಸುಮಾರು 3.3 ಸೆಕೆಂಡು ಬೇಕು. ಮುಟ್ಟುವಾಗಿನ ವೇಗ ಗಂಟೆಗೆ ಸುಮಾರು 115 ಕಿಲೋಮೀಟರ್. ಒಂದು ಘನ ಮೀಟರ್ ನೀರು ಬಿದ್ದರೆ ಸಿಗುವ ಶಕ್ತಿ ಸುಮಾರು 5 ಲಕ್ಷ ಜೂಲ್. ಅದು ಪೂರ್ತಿ ವಿದ್ಯುತ್ತಾದರೆ 60 ವ್ಯಾಟಿನ ಬಲ್ಬು ಎರಡು ಗಂಟೆಗೂ ಮೀರಿ ಉರಿಯುತ್ತದೆ. ಹತ್ತನೆಯ ತರಗತಿಯ ಮಕ್ಕಳು ಇದನ್ನು ಜಲಪಾತದ ಎದುರು ನೋಟುಬುಕ್ಕಿನಲ್ಲೇ ಮಾಡಿ ನೋಡಬಹುದು. ಬಿದ್ದ ನೀರು ತುಸು ಬಿಸಿಯಾಗಬೇಕಲ್ಲ ಎಂದು ಯೋಚಿಸಿದ ಜೇಮ್ಸ್ ಜೂಲ್, 1847ರಲ್ಲಿ ಹೊಸದಾಗಿ ಮದುವೆಯಾಗಿ ಹೆಂಡತಿಯೊಡನೆ ಆಲ್ಪ್ಸ್ ಪರ್ವತಕ್ಕೆ ಹೋದಾಗಲೂ ಉದ್ದನೆಯ ಥರ್ಮಾಮೀಟರ್ ಹಿಡಿದಿದ್ದನೆಂದು ಅವನ ಗೆಳೆಯ ವಿಲಿಯಂ ಥಾಮ್ಸನ್ ನೆನಪಿಸಿಕೊಂಡಿದ್ದಾನೆ. ಗೋಕಾಕದ ಲೆಕ್ಕದಲ್ಲಿ ಆ ಏರಿಕೆ ಒಂದು ಡಿಗ್ರಿ ಸೆಲ್ಸಿಯಸ್ಸಿನ ಎಂಟನೆಯ ಒಂದು ಪಾಲು. ಶಾಲೆಯ ಪ್ರಯೋಗಾಲಯದ ಥರ್ಮಾಮೀಟರಿಗೆ ಅದು ಸಿಗುವುದಿಲ್ಲ. ಹಿಡಿಯಲು ನೀರಿನ ಹತ್ತಿರ ಹೋಗುವುದಂತೂ ಬೇಡವೇ ಬೇಡ.

ಈ ಶಕ್ತಿಯ ಮೇಲೆ ಕಣ್ಣಿಟ್ಟೇ 1885ರಲ್ಲಿ ಇಲ್ಲಿ ಹತ್ತಿ ಗಿರಣಿ ಸ್ಥಾಪನೆಯಾಯಿತು. ಜಲವಿದ್ಯುತ್ತಿನ ಆರಂಭಕ್ಕೆ ಪ್ರವಾಸಿ ಕೈಪಿಡಿಗಳು 1887ರ ಇಸವಿಯನ್ನು ಕೊಡುತ್ತವೆ. ದಂಡೆಯಿಂದ ದಂಡೆಗೆ ಸುಮಾರು 200 ಮೀಟರ್ ಉದ್ದದ ತೂಗುಸೇತುವೆ ಇದೆ. ಮೊದಲ ಸಲ ಅದರ ಮೇಲೆ ಕಾಲಿಟ್ಟ ಮಕ್ಕಳು ನಗುತ್ತಲೇ ತಂತಿಯನ್ನು ಬಿಗಿಯಾಗಿ ಹಿಡಿಯುತ್ತಾರೆ. ದೊಡ್ಡವರು ನಗದೆ ಹಿಡಿಯುತ್ತಾರೆ. ಪ್ರವಾಹದ ದಿನಗಳಲ್ಲಿ ಸೇತುವೆಯ ಮೇಲೆ ಜನರನ್ನು ಬಿಡುವುದಿಲ್ಲ. ಆಗ ಕಾವಲಿನವರೊಡನೆ ವಾದಕ್ಕೆ ನಿಲ್ಲುವ ತಂದೆಯಿಂದ ಮಕ್ಕಳು ಕಲಿಯುವ ಪಾಠ ಒಳ್ಳೆಯದಲ್ಲ. ದಡದಲ್ಲಿ ಚಾಲುಕ್ಯರ ಕಾಲದ ಮಹಾಲಿಂಗೇಶ್ವರ ಗುಡಿಯಿದೆ. ಹತ್ತಿರದ ಕೊಣ್ಣೂರಿನ ಬಳಿ ಅದಕ್ಕಿಂತ ಎಷ್ಟೋ ಹಿಂದಿನ ಜನ ಚಪ್ಪಡಿಗಳನ್ನು ನಿಲ್ಲಿಸಿ ಮಾಡಿದ ಕಲ್ಲಿನ ಗೋರಿಗಳಿವೆ. ಜಲಪಾತಕ್ಕೆ ಬಂದವರು ಅತ್ತ ಹೋಗುವುದೇ ಅಪರೂಪ.

ನಿಜವಾದ ನಡಿಗೆ ಬೇಕೆನ್ನುವವರು ಗೊಡಚಿನಮಲ್ಕಿಗೆ ಹೋಗಬೇಕು. ಗೋಕಾಕದಿಂದ ಸುಮಾರು 15 ಕಿಲೋಮೀಟರ್. ಊರಿನಿಂದ ಎರಡೂವರೆ ಕಿಲೋಮೀಟರಿನಷ್ಟು ಕುರುಚಲು ಕಾಡಿನ ದಾರಿ. ಇಲ್ಲಿ ನದಿ ಮಾರ್ಕಂಡೇಯ. ಮೊದಲು ಸುಮಾರು 25 ಮೀಟರ್ ಬಿದ್ದು, ಕಲ್ಲಿನ ಕಣಿವೆಯಲ್ಲಿ ಸ್ವಲ್ಪ ದೂರ ಹರಿದು, ಮತ್ತೆ 18 ಮೀಟರ್ ಬೀಳುತ್ತದೆ. ಮುಂದೆ ಗೋಕಾಕದ ಬಳಿ ಘಟಪ್ರಭೆಯನ್ನು ಸೇರುತ್ತದೆ. ಮಳೆ ನಿಂತ ಮೇಲಿನ ಅಕ್ಟೋಬರ್, ನವೆಂಬರ್ ತಿಂಗಳು ಇಲ್ಲಿಗೆ ಹಿತ. ನೀರಿನ ಸದ್ದು ದಾರಿಯ ತಿರುವೊಂದರಲ್ಲಿ ಥಟ್ಟನೆ ಕೇಳತೊಡಗುತ್ತದೆ. ಮಕ್ಕಳು ಓಡತೊಡಗುವುದೂ ಅಲ್ಲೇ, ದೊಡ್ಡವರು ಮುಂದೆ ಹೋಗಿ ನಿಲ್ಲಬೇಕಾದದ್ದೂ ಅಲ್ಲೇ.

ಈ ಎರಡೂ ಜಲಪಾತಗಳಲ್ಲಿ ಕಾಲುಜಾರಿ ಸತ್ತ ಎಳೆಯರ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದದ ವರ್ಷ ಕಡಿಮೆ. ಒಣಗಿದ ಮರಳುಗಲ್ಲು ಚಪ್ಪಲಿಯನ್ನು ಗಟ್ಟಿಯಾಗಿ ಹಿಡಿಯುತ್ತದೆ. ಅದೇ ಕಲ್ಲಿನ ಮೇಲೆ ತೆಳ್ಳಗಿನ ಪಾಚಿ, ಮೇಲೊಂದಿಷ್ಟು ತುಂತುರು ಬಿದ್ದರೆ ಘರ್ಷಣೆ ಹೆಸರಿಗಷ್ಟೇ ಉಳಿಯುತ್ತದೆ. ಬಣ್ಣ ಕಪ್ಪು-ಹಸಿರಾಗಿ ಮಿನುಗುವ ಕಲ್ಲಿನ ಮೇಲೆ ಕಾಲಿಡಕೂಡದು. ಈಜು ಬರುತ್ತದೆ ಎನ್ನುವವರೂ ಮಡುವಿಗೆ ಇಳಿಯಕೂಡದು. ಬೀಳುವ ನೀರಿನಡಿ ಸುಳಿ ಇರುತ್ತದೆ. ಗುಳ್ಳೆ ತುಂಬಿದ ನೀರು ದೇಹವನ್ನು ತೇಲಿಸುವುದೂ ಕಡಿಮೆ. ಮಾರ್ಕಂಡೇಯಕ್ಕೂ ಮೇಲ್ಭಾಗದಲ್ಲಿ ಅಣೆಕಟ್ಟಿದೆ ಎಂಬುದನ್ನು ಮರೆಯಬಾರದು. ನೀರಿನ ಬಣ್ಣ ಕೆಂಪಾಗಿ ಕಸಕಡ್ಡಿ ತೇಲಿ ಬರತೊಡಗಿದರೆ ಬುತ್ತಿ ಗಂಟು ಅಲ್ಲೇ ಬಿಟ್ಟು ಮೇಲೆ ಹತ್ತಬೇಕು. ಹತ್ತು ಮಕ್ಕಳಿಗೆ ಒಬ್ಬರಾದರೂ ದೊಡ್ಡವರಿರಬೇಕು, ಹೊರಡುವಾಗ ಎಣಿಸಬೇಕು, ತಿರುಗುವಾಗ ಮತ್ತೆ ಎಣಿಸಬೇಕು. ಅವ್ವ ಕೇಳಿದ ‘ಯಾರ ನೋಡಾವ್ರು’ ಎಂಬ ಪ್ರಶ್ನೆಗೆ ಹೊರಡುವ ಮೊದಲೇ ಒಂದು ಹೆಸರು ಉತ್ತರವಾಗಿ ಸಿಗಬೇಕು.

ಹುಕ್ಕೇರಿ ಕಡೆಗೆ ಹೊರಳಿದರೆ ಭಯ ಕಡಿಮೆ, ನಡಿಗೆ ಹೆಚ್ಚು. ಹೂವಿನ ಕೇರಿಯೇ ಹುಕ್ಕೇರಿಯಾಯಿತು, ಇಲ್ಲಿನ ಗುಲಾಬಿ ವಿಜಯಪುರದ ಸುಲ್ತಾನರಿಗೆ ಹೋಗುತ್ತಿತ್ತು ಎಂಬ ಮಾತು ಊರಲ್ಲಿದೆ. ಆದಿಲಶಾಹಿ ಕಾಲದ ಗುಮ್ಮಟಗಳು ಆ ಸಂಬಂಧಕ್ಕೆ ಸಾಕ್ಷಿಯಾಗಿ ನಿಂತಿವೆ. ಸಂಕೇಶ್ವರದ ಹತ್ತಿರ ಹರಗಾಪುರದ ಗುಡ್ಡದ ಮೇಲೆ ವಲ್ಲಭಗಡ ಕೋಟೆ ಇದೆ. ಸಣ್ಣ ಮಕ್ಕಳೂ ಹತ್ತಬಹುದಾದ ಗುಡ್ಡ. ಮೇಲೆ ನಿಂತರೆ ಗಾಳಿ, ಕೆಳಗೆ ಹೊಲಗಳ ಚೌಕಗಳು.

ಹಿಡಕಲ್‌ನಲ್ಲಿ ಘಟಪ್ರಭೆಗೆ ಕಟ್ಟಿದ ರಾಜಾ ಲಖಮಗೌಡ ಜಲಾಶಯ 51 ಟಿಎಂಸಿ ನೀರು ಹಿಡಿಯುತ್ತದೆ. ಅದರ ಹಿನ್ನೀರಿನಲ್ಲಿ ಹುನ್ನೂರಿನ ವಿಠ್ಠಲ ದೇವರ ಗುಡಿ ಮುಳುಗಿದೆ. ಬೇಸಿಗೆಯಲ್ಲಿ ನೀರು ತೀರ ಇಳಿದ ವರ್ಷಗಳಲ್ಲಿ ಗುಡಿ ಮೆಲ್ಲಗೆ ಹೊರಗೆ ಬರುತ್ತದೆ. ಸುದ್ದಿ ಹಬ್ಬಿ ಜನ ಕೆಸರು ತುಳಿದು ದರ್ಶನಕ್ಕೆ ಹೋಗುತ್ತಾರೆ. ಊರು ಬಿಟ್ಟು ಹೋದವರ ಮೊಮ್ಮಕ್ಕಳಿಗೆ ಅಜ್ಜ ಆಗ ತೋರಿಸುತ್ತಾನೆ, ‘ತಮ್ಮಾ, ನಮ್ಮ ಹೊಲ ಅಲ್ಲಿತ್ತ ನೋಡು’ ಎಂದು. ತೋರಿಸಿದ ಬೆರಳಿನ ಕಡೆ ಹುಡುಗ ನೋಡುತ್ತಾನೆ; ಅವನಿಗೆ ಕಾಣುವುದು ಬಿರುಕು ಬಿಟ್ಟ ಕೆಸರು. ಮೂಡಲಗಿಯ ಕಬ್ಬು, ಗೋಕಾಕದ ಗೋವಿನಜೋಳ ಕುಡಿದ ನೀರಿನ ಬೆಲೆಯನ್ನು ಈ ಒಂದು ಜಾಗ ತೋರಿಸಿದಷ್ಟು ಯಾವ ಪಾಠವೂ ತೋರಿಸದು.

ಕಡಿಮೆ ಖರ್ಚಿನ ಸಂಚಾರದಲ್ಲಿ ಈ ಸೀಮೆಯ ನಿಜವಾದ ಪಂಡಿತರು ಕುರಿಗಾರರು. ದಖ್ಖನಿ ಕುರಿಗಳ ಮಂದೆ, ಒಂದು ಕುದುರೆ, ಹೆಗಲ ಮೇಲೆ ಕರಿ ಕಂಬಳಿ. ಮಳೆ, ಮೇವು ನೋಡಿಕೊಂಡು ವರ್ಷದ ಬಹುಭಾಗ ಬಯಲಲ್ಲೇ ಇರುತ್ತಾರೆ. ಕಂಬಳಿ ಮಳೆಗೆ ಕೊಪ್ಪೆ, ಚಳಿಗೆ ಹೊದಿಕೆ, ರಾತ್ರಿ ಹಾಸಿಗೆ. ಸಾವಿರಾರು ರೂಪಾಯಿಯ ಸ್ಲೀಪಿಂಗ್ ಬ್ಯಾಗಿಗೆ ಈ ಮೂರು ಕೆಲಸ ಬರುವುದಿಲ್ಲ. ಉಣ್ಣೆಯ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ ಶಾಖ ಹೊರಹೋಗಲು ಬಿಡುವುದಿಲ್ಲ. ತುಸು ತೊಯ್ದರೂ ಉಣ್ಣೆ ಹತ್ತಿಯಂತೆ ಮೈಗೆ ತಣ್ಣಗೆ ಅಂಟುವುದಿಲ್ಲ. ರೈತರು ತಮ್ಮ ಹೊಲದಲ್ಲಿ ಕುರಿ ತರಬಿಸಿ, ಗೊಬ್ಬರಕ್ಕೆ ಬದಲಾಗಿ ಕಾಳನ್ನೋ ರೊಕ್ಕವನ್ನೋ ಕೊಡುತ್ತಾರೆ. ತಂಗಿದ್ದಕ್ಕೆ ಬಾಡಿಗೆ ಕೊಡುವ ಬದಲು ಬಾಡಿಗೆ ಪಡೆಯುವ ಪ್ರವಾಸಿಗಳು ಜಗತ್ತಿನಲ್ಲಿ ಇನ್ನೆಲ್ಲಿ ಸಿಕ್ಕಾರು! ‘ಯಾವ ದಾರಿ ಹಿಡೀಬೇಕ್ರಿ ಕಾಕಾ?’ ಎಂದು ದಾರಿಯಲ್ಲಿ ಕೇಳುವ ಹುಡುಗರಿಗೆ ನಕ್ಷೆಯಲ್ಲಿ ಇಲ್ಲದ ಕಾಲುದಾರಿ, ಕುಡಿಯುವ ನೀರಿನ ಬಾವಿ, ಮೋಡದ ಲಕ್ಷಣ ಎಲ್ಲವೂ ಅವರಿಂದ ಸಿಗುತ್ತದೆ. ಮಂದೆಯ ನಾಯಿಯಿಂದ ಮಾತ್ರ ಹತ್ತು ಮಾರು ದೂರ ನಿಂತೇ ಮಾತಾಡಬೇಕು.

ಬಂಡೆ ಏರುವ ಆಸೆಯಿದ್ದವರು ಇಲ್ಲಿನ ಕಡಿದಾದ ಗೋಡೆಗಳ ಮೇಲೆ ತಾವೇ ಪ್ರಯೋಗ ಮಾಡಲು ಹೋಗಬಾರದು. ಇದೇ ಶಿಲಾವರ್ಗದ ಬಾದಾಮಿಯ ಕೆಂಪು ಬಂಡೆಗಳಿಗೆ ದೇಶವಿದೇಶದ ಆರೋಹಿಗಳು ಬರುತ್ತಾರೆ. ರಾಜ್ಯದಲ್ಲಿ ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿ ಯುವಜನರಿಗೆ ಹಗ್ಗ, ಹೆಲ್ಮೆಟ್ ಕೊಟ್ಟು, ತಿಳಿದವರಿಂದ ತರಬೇತಿ ಕೊಡಿಸುತ್ತದೆ. ಹಗ್ಗ ಹಿಡಿಯುವವರು ಕೆಳಗಿದ್ದಾಗ ಮಾತ್ರ ಮೇಲೆ ಹತ್ತುವುದು ಸಾಹಸ.

ಹೋಗುವುದು ಸುಲಭ. ಮೀರಜ್-ಬೆಳಗಾವಿ ರೈಲು ಮಾರ್ಗದಲ್ಲಿ ಘಟಪ್ರಭಾ, ಗೋಕಾಕ ರೋಡ್ ನಿಲ್ದಾಣಗಳಿವೆ. ಮೂರೂ ಊರುಗಳ ನಡುವೆ ವಾಯವ್ಯ ಸಾರಿಗೆಯ ಬಸ್ಸುಗಳು ಓಡಾಡುತ್ತವೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೇಟಿನ ಖರ್ಚೇ ಇಲ್ಲ. ಆದ್ದರಿಂದ ಈ ಸಲದ ರಜೆಯಲ್ಲಿ ಮಗಳನ್ನೂ ಅವ್ವನನ್ನೂ ಬಿಟ್ಟುಹೋಗಲು ಅಪ್ಪನಿಗೆ ನೆಪ ಸಿಗಲಾರದು. ಖರ್ಚಿನ ಉಳಿದ ಭಾಗ ಅಡುಗೆಮನೆಯಲ್ಲೇ ಮುಗಿಯುತ್ತದೆ: ಕಟಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಚಟ್ನಿ, ಒಂದು ಉಳ್ಳಾಗಡ್ಡಿ, ತಲೆಗೆ ಎರಡು ಲೀಟರಿನಂತೆ ನೀರು. ದಣಿವಿಗೆ ಗೋಕಾಕದ ಕರದಂಟು ಇದ್ದೇ ಇದೆ. ಕರಿದ ಅಂಟು, ಬೆಲ್ಲ, ಒಣಕೊಬ್ಬರಿ, ಗೋಡಂಬಿ, ಬಾದಾಮಿ ಸೇರಿದ ಈ ತುಂಡು ವಾರಗಟ್ಟಲೆ ಕೆಡುವುದಿಲ್ಲ, ಜೇಬಿನಲ್ಲಿ ಪುಡಿಯಾಗುವುದೂ ಇಲ್ಲ. ಬಣ್ಣದ ಕಾಗದ ಸುತ್ತಿ ಮಾರುವ ಚಾರಣದ ಬಿಸ್ಕೀಟಿನಲ್ಲಿ ಇದಕ್ಕಿಂತ ಹೆಚ್ಚೇನೂ ಇಲ್ಲ. ಗೊಡಚಿನಮಲ್ಕಿಯಿಂದ ತಿರುಗಿ ಬರುವ ಕೊನೆಯ ಬಸ್ಸಿನ ಹೊತ್ತನ್ನು ಮಾತ್ರ ಇಳಿಯುವಾಗಲೇ ಕಂಡಕ್ಟರನ್ನು ಕೇಳಿ ಇಟ್ಟುಕೊಳ್ಳಬೇಕು; ಅದು ತಪ್ಪಿದರೆ ಕತ್ತಲಲ್ಲಿ ನಡೆಯುವುದೊಂದೇ ದಾರಿ.